ಕತ್ತಿನಲ್ಲೊಬ್ಬ ಒಲೆಯಾಳು

ಮೂವತ್ತನಾಲ್ಕು ವರ್ಷ ಜನರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆದವಳು ನಾನು. ಹೆಸರು ನಾಗರತ್ನ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಯಾರನ್ನು ಕೇಳಿದರೂ ಆ ಹೆಸರಿನವಳು ಗೊತ್ತಿಲ್ಲ ಎನ್ನುತ್ತಾರೆ. ನಮ್ಮ ಕಡೆ ಸೂಜಿ ಹಿಡಿದ ಹೆಂಗಸರೆಲ್ಲ ನರ್ಸಮ್ಮನೇ. ನಾನು ನರ್ಸ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್ ಎಂದು ಮೊದಮೊದಲು ತಿದ್ದುತ್ತಿದ್ದೆ. ‘ಆಯ್ತು ಬುಡಿ ನರ್ಸಮ್ಮ’ ಎಂದು ಅವರು ಒಪ್ಪಿಕೊಳ್ಳುತ್ತಿದ್ದರು. ಆಮೇಲೆ ನಾನೂ ಸುಮ್ಮನಾದೆ.

ಹೋದ ತಿಂಗಳು ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಮೂವರು ಹುಡುಗಿಯರು ನಿಮಿಷಾಂಬ ದರ್ಶನಕ್ಕೆ ಬಂದವರು ಹಾಗೇ ಗಂಜಾಂನ ನಮ್ಮ ಮನೆಗೂ ಬಂದರು. ಕೆಲಸ ಹೇಗಿರುತ್ತದೆ ಮೇಡಂ ಎಂದು ಒಬ್ಬಳು ಪಾಪ, ಮರ್ಯಾದೆಗೆ ಕೇಳಿದಳು. ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ಅವರ ಕಾಫಿ ಆರಿತು, ಹಿಡಿಯಬೇಕಿದ್ದ ಬಸ್ಸು ಹೋಯಿತು, ಅದರ ಹಿಂದಿನ ಬಸ್ಸೂ ಹೋಯಿತು. ಕೊನೆಗೆ ಒಬ್ಬಳು ಎದ್ದು ನಿಂತು, ಇದನ್ನೆಲ್ಲ ಬರೆದುಬಿಡಿ ಮೇಡಂ ಎಂದಳು. ನನ್ನ ಬಾಯಿ ಮುಚ್ಚಿಸಲು ಹೇಳಿದಳೋ ಏನೋ, ನಾನಂತೂ ಅವತ್ತೇ ನೋಟ್‌ಬುಕ್ ತಂದೆ.

ಎಲ್ಲ ಪರೀಕ್ಷೆಗಳ ಕಥೆ ಹೇಳುತ್ತ ಹೋದರೆ, ಹುಡುಗಿಯರೇ, ನನ್ನದರ ಹಾಗೆ ನಿಮ್ಮ ನಿವೃತ್ತಿಯೂ ಬಂದುಬಿಡುತ್ತದೆ. ಆದ್ದರಿಂದ ಥೈರಾಯ್ಡ್ ಒಂದನ್ನೇ ಹಿಡಿದುಕೊಂಡಿದ್ದೇನೆ. ನನ್ನ ಮಾನ ಎರಡು ಸಲ ಹೋದದ್ದು, ಒಂದು ಸಲ ವಾಪಸ್ ಬಂದದ್ದು ಅದರಿಂದಲೇ.

ಈಗ ನಿಮ್ಮ ಮುಂದೆ ಒಂದು ಮಿಷನ್ನು ಕೂತಿದೆ. ರಕ್ತ ಕೊಟ್ಟವರು ಹೊರಗೆ ಹೋಗಿ ಇಡ್ಲಿ ತಿಂದು ಬರುವಷ್ಟರಲ್ಲಿ ರಿಪೋರ್ಟು ಮೊಬೈಲಿಗೆ ಬಂದಿರುತ್ತದೆ. ನಾನು ಸೇರಿದಾಗ ನಾಗಮಂಗಲದ ನಮ್ಮ ಶಾಖೆಯಲ್ಲಿ ಥೈರಾಯ್ಡ್ ಪರೀಕ್ಷೆ ಇರಲಿಲ್ಲ. ರಕ್ತ ತೆಗೆದು, ತಿಳಿ ಬೇರೆ ಮಾಡಿ, ಆ ಸಣ್ಣ ಟ್ಯೂಬುಗಳನ್ನು ಹತ್ತಿಯಲ್ಲಿ ಸುತ್ತಿ, ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ಮೈಸೂರಿಗೆ ಒಯ್ಯಬೇಕಿತ್ತು. ನೀಲಿ ಬಣ್ಣದ ಅಗಲ ಬಾಯಿಯ ಫ್ಲಾಸ್ಕು. ಅಂಥದ್ದೇ ಫ್ಲಾಸ್ಕು ಆ ಕಾಲದಲ್ಲಿ ಪ್ರತಿ ಮನೆಯಲ್ಲೂ ಇತ್ತು ಎಂಬುದು ನನ್ನ ತಲೆಗೆ ಬರಬೇಕಿತ್ತು. ಬರಲಿಲ್ಲ.

ಒಂದು ದಿನ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬರು ಅಜ್ಜಿ ಕೂತರು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿದ್ದ ತಮ್ಮನಿಗೆ ಮನೆಯ ಕಾಫಿಯೇ ಆಗಬೇಕಂತೆ, ಒಯ್ಯುತ್ತಿದ್ದರು. ಇಬ್ಬರೂ ಫ್ಲಾಸ್ಕನ್ನು ಸೀಟಿನ ಕೆಳಗಿಟ್ಟು, ಇಬ್ಬರೂ ಸೊಸೆಯಂದಿರ ವಿಚಾರ ಮಾತಾಡಿ, ಇಬ್ಬರೂ ಚೆನ್ನಾಗಿ ನಿದ್ದೆ ಹೊಡೆದೆವು. ನನಗಾಗ ಮದುವೆಯೇ ಆಗಿರಲಿಲ್ಲ, ಆದರೂ ಸೊಸೆಯಂದಿರ ಬಗ್ಗೆ ಧಾರಾಳವಾಗಿ ಮಾತಾಡಿದ್ದೆ. ಮೈಸೂರಿನ ಲ್ಯಾಬಿನಲ್ಲಿ ಫ್ಲಾಸ್ಕು ಕೊಟ್ಟು ಹೊರಟವಳನ್ನು ಅಲ್ಲಿನ ಹಿರಿಯರೊಬ್ಬರು ವಾಪಸ್ ಕರೆದರು. ಮುಚ್ಚಳ ತೆಗೆದು ಮೂಸಿ, ಈ ಪೇಷೆಂಟಿಗೆ ಸಕ್ಕರೆ ಸ್ವಲ್ಪ ಜಾಸ್ತಿ ಇದ್ದ ಹಾಗಿದೆ ಎಂದರು. ನಾನು ಸೀರೆ ಎತ್ತಿಕಟ್ಟಿಕೊಂಡು ಆಸ್ಪತ್ರೆಗೆ ಓಡಿದೆ. ಹೋಗುವಷ್ಟರಲ್ಲಿ ಅಜ್ಜಿಯ ತಮ್ಮ ಲೋಟ ಮುಂದೆ ಹಿಡಿದುಕೊಂಡು ಕೂತಿದ್ದರು, ಅಜ್ಜಿ ಫ್ಲಾಸ್ಕಿನೊಳಗೆ ಕೈ ಹಾಕಿ ಹತ್ತಿಯ ಉಂಡೆ ಹೊರಗೆಳೆಯುತ್ತಿದ್ದರು. ಮಾರನೆಯ ದಿನವೇ ನಮ್ಮ ಫ್ಲಾಸ್ಕಿಗೆ ಕೆಂಪು ಬಣ್ಣ ಬಳಿದೆ.

ನಮ್ಮ ಲ್ಯಾಬಿನ ಎಲ್ಲ ಶಾಖೆಗಳಿಗೂ ಮುಖ್ಯಸ್ಥರು ರಂಗಸ್ವಾಮಿ ಸರ್, ಇವತ್ತು ಒಂದರಲ್ಲಿದ್ದರೆ ನಾಳೆ ಇನ್ನೊಂದರಲ್ಲಿ. ರಕ್ತದ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು, ಮದುವೆಗೆ ಸೀರೆ ಆರಿಸುವವರ ಹಾಗೆ ಮೇಲೆ ಕೆಳಗೆ ನೋಡುತ್ತಿದ್ದರು. ‘ಸುಮಾರು’ ಎಂಬ ಮಾತು ಕಿವಿಗೆ ಬಿದ್ದರೆ ಊಟ ಬಿಡುತ್ತಿದ್ದರು. ಸುಮಾರು ಹತ್ತು ಜನ ಕಾಯುತ್ತಿದ್ದಾರೆ ಸರ್ ಎಂದು ಒಮ್ಮೆ ಹೇಳಿದ್ದಕ್ಕೆ ನನ್ನನ್ನು ಹೊರಗೆ ಕಳಿಸಿ ತಲೆ ಎಣಿಸಲು ಹೇಳಿದರು. ಹನ್ನೊಂದಿದ್ದರು. ಬೈಯುವಾಗಲೂ ಬಹುವಚನ ಬಿಡುತ್ತಿರಲಿಲ್ಲ. ನಿಮ್ಮ ತಲೆಯಲ್ಲಿ ಏನು ತುಂಬಿಕೊಂಡಿದ್ದೀರಿ ಎಂದು ಅವರು ಕೇಳಿದರೆ ಬೈಗುಳವೂ ಒಂದು ಸನ್ಮಾನದ ಹಾಗೆ ಕೇಳಿಸುತ್ತಿತ್ತು.

ಅಂಥ ಸನ್ಮಾನ ನನಗೆ ಭರ್ಜರಿಯಾಗಿ ಆದದ್ದು ಪಾಂಡವಪುರದ ಶಾಖೆಯಲ್ಲಿದ್ದಾಗ. ಕ್ಯಾತನಹಳ್ಳಿಯಿಂದ ಚಿಕ್ಕೇಗೌಡರು ಎಂಬ, ಬೆಲ್ಲ ಕಾಯಿಸುವ ಆಲೆಮನೆಯ ಯಜಮಾನರು ಬಂದಿದ್ದರು. ಹೊತ್ತಿಗೆ ಮೂರು ಮುದ್ದೆ ಉಣ್ಣುತ್ತಾರೆ, ಆದರೂ ದಿನದಿನಕ್ಕೆ ಇಳಿದುಹೋಗುತ್ತಿದ್ದಾರೆ. ಮಾಗಿಯ ಚಳಿಯಲ್ಲೂ ಬೆವರು, ಕೈ ನಡುಕ, ಎದೆ ಡವಡವ. ಯಾರೋ ಮಾಟ ಮಾಡಿಸಿದ್ದಾರೆ ಎಂದು ಮನೆಯವರ ತೀರ್ಮಾನ. ಡಾಕ್ಟರು ಥೈರಾಯ್ಡ್ ಪರೀಕ್ಷೆ ಬರೆದಿದ್ದರು. ಮೈಸೂರಿನಿಂದ ರಿಪೋರ್ಟು ಬಂತು. ಟಿಎಸ್‌ಎಚ್ ಎಂಬ ಸಾಲಿನ ಮುಂದೆ ಹೆಚ್ಚುಕಡಿಮೆ ಸೊನ್ನೆ. ಮಿಕ್ಕ ಸಾಲುಗಳನ್ನು ನೋಡುವ ತಾಳ್ಮೆ ಯಾರಿಗಿತ್ತು? ಸಕ್ಕರೆ ಜಾಸ್ತಿಯಾದರೆ ಕಾಯಿಲೆ, ಕೊಬ್ಬು ಜಾಸ್ತಿಯಾದರೆ ಕಾಯಿಲೆ, ಹಾಗಾದರೆ ಸೊನ್ನೆ ಒಳ್ಳೆಯದೇ ಇರಬೇಕು. ಏನೂ ಇಲ್ಲ ಗೌಡರೇ, ಸೊನ್ನೆ ಬಂದಿದೆ, ಆರಾಮಾಗಿರಿ ಎಂದು ನಗುನಗುತ್ತ ಕಳಿಸಿಬಿಟ್ಟೆ. ಅವರೂ ಖುಷಿಯಾಗಿ, ಡಾಕ್ಟರ ಹತ್ತಿರ ಹೋಗದೆ ನೇರ ಊರಿಗೆ ಹೋದರು.

ಮಧ್ಯಾಹ್ನ ರಂಗಸ್ವಾಮಿ ಸರ್ ನಕಲು ಪ್ರತಿ ನೋಡಿದರು. ಅವರು ಸಿಟ್ಟಿನಲ್ಲಿ ಹೇಳಿದ್ದರ ಸಾರ ಇಷ್ಟು. ನಾವು ತಿಂದದ್ದನ್ನು ಮೈಯ ಒಂದೊಂದು ಜೀವಕೋಶವೂ ಸುಟ್ಟು ಶಕ್ತಿ ಮಾಡಿಕೊಳ್ಳುತ್ತದೆ. ಎಷ್ಟು ಬಿರುಸಾಗಿ ಸುಡಬೇಕು ಎಂದು ಹೇಳುವುದು ಕತ್ತಿನ ಮುಂದೆ ಚಿಟ್ಟೆಯ ಆಕಾರದಲ್ಲಿ ಕೂತ ಥೈರಾಯ್ಡ್ ಗ್ರಂಥಿ ಬಿಡುವ ಹಾರ್ಮೋನು. ಟಿಎಸ್‌ಎಚ್ ಆ ಹಾರ್ಮೋನಲ್ಲ. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಇನ್ನೊಂದು ಗ್ರಂಥಿ ಥೈರಾಯ್ಡಿಗೆ ಕೊಡುವ ಆಜ್ಞೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೆ ಆಜ್ಞೆ ಸೊನ್ನೆಗಿಳಿಯುತ್ತದೆ, ಸೋಮಾರಿಯಾದರೆ ಆಜ್ಞೆ ಏರುತ್ತದೆ. ಅರ್ಥವಾಯಿತೇ ಎಂದು ಕೇಳಿದರು. ನಾನು ತಲೆಯಾಡಿಸಿದೆ. ಒಂದಕ್ಷರ ಅರ್ಥವಾಗಿರಲಿಲ್ಲ. ಗೌಡರನ್ನು ಹುಡುಕಿಕೊಂಡು ಬನ್ನಿ, ಬರುವಾಗ ಅವರ ಜೊತೆಗೇ ಬನ್ನಿ ಎಂದು ಬಾಗಿಲು ತೋರಿಸಿದರು.

ಕ್ಯಾತನಹಳ್ಳಿಯ ಆಲೆಮನೆಗೆ ಹೋದಾಗ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುತ್ತಿತ್ತು. ಒಲೆಯ ಬಾಯಿಯ ಮುಂದೆ ಒಬ್ಬ ಆಳು ಕೂತು ಒಣಗಿದ ಕಬ್ಬಿನ ಸಿಪ್ಪೆಯನ್ನು ಒಳಗೆ ತಳ್ಳುತ್ತಿದ್ದ. ಅವನು ಬೀಡಿ ಹಚ್ಚಲು ತಿರುಗಿದ, ಉರಿ ತಗ್ಗಿತು. ಕೂಡಲೇ ಚಿಕ್ಕೇಗೌಡರು ಆಚೆಯಿಂದ ‘ಹಾಕ್ಲಾ, ಹಾಕ್ಲಾ, ನಿದ್ದೆ ಮಾಡ್ತಿದ್ದೀಯೇನ್ಲಾ’ ಎಂದು ಗಂಟಲು ಹರಿಯುವ ಹಾಗೆ ಕೂಗಿದರು. ಆಳು ದಬದಬ ತುಂಬಿದ, ಉರಿ ಎದ್ದಿತು, ಗೌಡರ ಬಾಯಿ ತಾನಾಗಿ ನಿಂತಿತು. ನಾನು ಅಲ್ಲೇ ನಿಂತು ಜೋರಾಗಿ ನಕ್ಕುಬಿಟ್ಟೆ. ರಂಗಸ್ವಾಮಿ ಸರ್ ಅರ್ಧ ಗಂಟೆ ಬೈದು ಹೇಳಿದ್ದೆಲ್ಲ ನನ್ನ ಕಣ್ಣೆದುರು ನಡೆದುಹೋಗಿತ್ತು. ಒಲೆಯಾಳೇ ಥೈರಾಯ್ಡ್. ಯಜಮಾನನ ಕೂಗಾಟವೇ ಟಿಎಸ್‌ಎಚ್. ಒಲೆ ಆರುತ್ತ ಬಂದರೆ ಕೂಗಾಟ ಏರುತ್ತದೆ, ಒಲೆ ಧಗಧಗ ಎಂದರೆ ಕೂಗಾಟ ಸೊನ್ನೆ.

ಗೌಡರಿಗೂ ಹಾಗೇ ಹೇಳಿದೆ. ನಿಮ್ಮ ಒಳಗಿನ ಯಜಮಾನ ಬಾಯಿ ಮುಚ್ಚಿಕೊಂಡು ಕೂತಿದ್ದಾನೆ, ಆದರೂ ಒಲೆಯಾಳು ತುಂಬುತ್ತಲೇ ಇದ್ದಾನೆ, ಉಂಡ ಮೂರು ಮುದ್ದೆಯೂ ಉರಿದುಹೋಗುತ್ತಿದೆ ಎಂದೆ. ಅವರು ಕೊಪ್ಪರಿಗೆಯ ಕಡೆ ತಿರುಗಿ ನೋಡಿದರು. ‘ಅಂಗಾದ್ರೆ ಪಾಕ ಸೀದೋಯ್ತದೆ ಕಣವ್ವ’ ಎಂದು ಹೆಗಲ ಮೇಲೆ ಟವೆಲು ಹಾಕಿಕೊಂಡು ನನ್ನ ಹಿಂದೆಯೇ ಬಸ್ಸು ಹತ್ತಿದರು. ಡಾಕ್ಟರ ಮದ್ದಿಗೆ ಕೆಲವು ತಿಂಗಳಲ್ಲಿ ಮೈ ಕೂಡಿಕೊಂಡಿತು. ಆಮೇಲೆ ವರ್ಷಕ್ಕೊಮ್ಮೆ ನನಗೆ ಅಚ್ಚುಬೆಲ್ಲ ಕಳಿಸುತ್ತಿದ್ದರು, ಸೊನ್ನೆಯ ನರ್ಸಮ್ಮನಿಗೆ ಎಂದು ಹೇಳಿ.

ಇಷ್ಟೆಲ್ಲ ಕಲಿತು ಎಷ್ಟೋ ವರ್ಷವಾದ ಮೇಲೆ, ನಾನು ಕೆ.ಆರ್. ಪೇಟೆಯ ಶಾಖೆಗೆ ಹಿರಿಯಳಾಗಿ, ಮಿಷನ್ನೂ ಬಂದು, ಇನ್ನು ನನಗೆ ತಿಳಿಯದ್ದೇನಿದೆ ಎಂದು ಬೀಗುತ್ತಿದ್ದಾಗ ಸವಿತಾ ಬಂದಳು.

ಸವಿತಾ ನಾಗಮಂಗಲದ ಕಡೆಯ ಹುಡುಗಿ, ಶೀಳನೆರೆಯ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಮನೆಯಲ್ಲಿ ನಾಲ್ಕು ಹಸು, ಎರಡು ಹೊತ್ತು ಡೈರಿಗೆ ಹಾಲು. ಗಂಡ ಹೊಲದ ಕೆಲಸದವನು, ಮಾತು ಕಡಿಮೆ. ಮಾತಿನ ಖಾತೆಯೆಲ್ಲ ಅತ್ತೆ ಕೆಂಪಮ್ಮನದು. ಹುಡುಗಿ ಬೆಂಚಿನಲ್ಲಿ ಕೂತ ಜಾಗದಲ್ಲೇ ತೂಗಡಿಸುತ್ತಿದ್ದಳು. ಮುಖ ಊದಿತ್ತು, ಬೇಸಿಗೆಯಲ್ಲೂ ಸ್ವೆಟರು. ತೋಳು ಹಿಡಿದರೆ ತಣ್ಣಗಿತ್ತು. ಕೆಂಪಮ್ಮ ಅವಳ ಎದುರೇ ದೂರು ಹೇಳಿದಳು. ಹೆಜ್ಜೆ ಎಣಿಸಿಕೊಂಡು ನಡೆಯುತ್ತಾಳಂತೆ, ಒಂದು ಬಟ್ಟಲು ಸಾರು ಮಾಡಲು ಇಡೀ ಬೆಳಗು ಬೇಕಂತೆ, ಹಾಲು ಕರೆಯುತ್ತ ಕರೆಯುತ್ತ ಹಸುವಿಗೆ ತಲೆ ಕೊಟ್ಟು ನಿದ್ದೆ ಮಾಡುತ್ತಾಳಂತೆ. ಸೋಮಾರಿಯನ್ನು ನಮ್ಮ ತಲೆಗೆ ಕಟ್ಟಿಬಿಟ್ಟರು ಎಂಬಲ್ಲಿಗೆ ಮಾತು ನಿಂತಿತು.

ಪರೀಕ್ಷೆ ಮಾಡಿದರೆ ಟಿಎಸ್‌ಎಚ್ ಆಕಾಶದಲ್ಲಿತ್ತು. ಯಜಮಾನ ಒಳಗೆ ಕೂಗಿ ಕೂಗಿ ಸಾಯುತ್ತಿದ್ದ, ಒಲೆಯಾಳು ಏಳುತ್ತಿರಲಿಲ್ಲ. ಸೋಮಾರಿತನವಲ್ಲ, ಕಾಯಿಲೆ. ಡಾಕ್ಟರು ಮಾತ್ರೆ ಬರೆದು, ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು ಎಂದರು. ಎರಡು ತಿಂಗಳಿಗೆ ಸರಿಹೋಗುತ್ತಾಳೆ ಎಂದು ನಾನು ಕೆಂಪಮ್ಮನಿಗೆ ಜಂಬದಿಂದ ಹೇಳಿದೆ.

ಎರಡು ತಿಂಗಳ ಮೇಲೆ ಬಂದರು. ಟಿಎಸ್‌ಎಚ್ ಇದ್ದಲ್ಲೇ ಇತ್ತು. ಡಾಕ್ಟರು ಮಾತ್ರೆಯ ಪ್ರಮಾಣ ಏರಿಸಿದರು. ಮತ್ತೆ ಎರಡು ತಿಂಗಳು, ಕೂದಲೆಳೆಯಷ್ಟು ಇಳಿದಿತ್ತು. ಮತ್ತೆ ಏರಿಸಿದರು. ಈ ಸಲ ಡಾಕ್ಟರು ನಮಗೊಂದು ಚೀಟಿ ಕಳಿಸಿದರು, ನಿಮ್ಮ ಮಿಷನ್ನು ಒಮ್ಮೆ ನೋಡಿಸಿ ಎಂದು. ನಿವೃತ್ತಿಯ ಹೊಸ್ತಿಲಲ್ಲಿದ್ದ ರಂಗಸ್ವಾಮಿ ಸರ್ ಆ ಚೀಟಿ ನೋಡಿ ನಿಜವಾಗಿಯೂ ಊಟ ಬಿಟ್ಟರು. ಮಿಷನ್ನು ಪರೀಕ್ಷಿಸಿದರು, ಸವಿತಾಳ ರಕ್ತದ ಇನ್ನೊಂದು ಭಾಗವನ್ನು ಮೈಸೂರಿಗೂ ಕಳಿಸಿದರು. ಅಲ್ಲೂ ಅದೇ ಲೆಕ್ಕ ಬಂತು.

ಲ್ಯಾಬು ಸುಳ್ಳಲ್ಲ, ಮಾತ್ರೆ ಸುಳ್ಳಲ್ಲ ಎಂದಮೇಲೆ ಉಳಿದವಳು ಸವಿತಾ. ಮಾತ್ರೆ ಉಗಿಯುತ್ತಾಳೆ ಎಂದು ಊರೆಲ್ಲ ಮಾತಾಯಿತು. ಕೆಂಪಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಳು.

“ನೋಡವ್ವ ನರ್ಸಮ್ಮ, ನನ್ ಕಣ್ಮುಂದೇನೆ ನುಂಗುಸ್ತೀನಿ. ಆದ್ರೂ ಇಂಗೆ ಅಂದ್ರೆ ಇವ್ಳು ಬದುಕೋ ಆಸೇನೆ ಬುಟ್ಟವ್ಳೆ. ಇನ್ನೊಂದು ದಪ ರಿಪೋರ್ಟು ಸರಿಯಾಗ್ನಿಲ್ಲ ಅಂದ್ರೆ ತವ್ರಿಗೆ ಬುಟ್ಟುಬಂದ್ಬುಡ್ತೀವಿ.”

ನಾನು ಸವಿತಾಳನ್ನು ನೋಡಿದೆ. ಅವಳು ಅಳಲೂ ಶಕ್ತಿಯಿಲ್ಲದವಳಂತೆ ಕೂತಿದ್ದಳು. “ನುಂಗ್ತೀನಿ ಮೇಡಂ. ದೇವ್ರಾಣೆ ನುಂಗ್ತೀನಿ” ಎಂದಷ್ಟೇ ಹೇಳಿದಳು. ಖಾಲಿ ಹೊಟ್ಟೆಯಲ್ಲೇ ತಾನೇ ಎಂದು ಕೇಳಿದೆ. ಖಾಲಿ ಹೊಟ್ಟೆಯಲ್ಲೇ ಎಂದು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಹೇಳಿದರು. ಎರಡು ವರ್ಷದಲ್ಲಿ ಅವರು ಒಂದೇ ಮಾತಾಡಿದ್ದು ಅದೊಂದೇ ಸಲ ಇರಬೇಕು.

ಸವಿತಾ ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತಿತ್ತು, ತೋರಿಸುವ ದಾರಿ ಗೊತ್ತಿರಲಿಲ್ಲ. ಕೊನೆಗೆ ಒಂದು ನೆಪ ಹುಡುಕಿದೆ. ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ತೆಗೆಯಬೇಕು, ನಾನೇ ಮನೆಗೆ ಬರುತ್ತೇನೆ ಎಂದೆ. ನಾಳೆಯೇ ಹೋಗಿ ಎಂದರು ಸರ್. ಸುಮಾರು ಎಷ್ಟು ಹೊತ್ತಿಗೆ ಬರಲಿ ಎಂದು ಕೆಂಪಮ್ಮನನ್ನು ಕೇಳಿ ಅದಕ್ಕೂ ಸರ್ ಕೈಲಿ ಬೈಸಿಕೊಂಡೆ.

ಮೊದಲ ಬಸ್ಸಿಗೆ ಹೋದೆ. ಕೊಟ್ಟಿಗೆಯಲ್ಲಿ ಸವಿತಾ ಗೌರಿ ಎಂಬ ಹಸುವಿನ ಕೆಳಗೆ ಕೂತು ಹಾಲು ಕರೆಯುತ್ತಿದ್ದಳು. ಹಣೆ ಹಸುವಿನ ಹೊಟ್ಟೆಗೆ ಒರಗಿತ್ತು, ಕೈ ಒಂದು ಸಲ ನಡೆಯುತ್ತಿತ್ತು, ಒಂದು ಸಲ ನಿಲ್ಲುತ್ತಿತ್ತು. ಹಸು ಅಲುಗದೆ ನಿಂತಿತ್ತು. ಆ ಮನೆಯಲ್ಲಿ ಅವಳ ಕಾಯಿಲೆ ಅರ್ಥವಾದದ್ದು ಗೌರಿಯೊಬ್ಬಳಿಗೇ ಎಂದುಕೊಂಡೆ. ರಕ್ತ ತೆಗೆದುಕೊಂಡೆ. ಇನ್ನು ಮಾತ್ರೆ ಕೊಡಿ, ನಾನೂ ನೋಡುತ್ತೇನೆ ಎಂದೆ.

ಕೆಂಪಮ್ಮ ಒಳಗಿಂದ ಮಾತ್ರೆ ತಂದಳು. ಚೊಂಬಿನಿಂದ ಆಗ ತಾನೇ ಕರೆದ ಹಾಲನ್ನು, ನೊರೆಯ ಸಮೇತ, ದೊಡ್ಡ ಲೋಟಕ್ಕೆ ಬಗ್ಗಿಸಿದಳು. ಮಾತ್ರೆಯನ್ನು ಸೊಸೆಯ ನಾಲಿಗೆಯ ಮೇಲಿಟ್ಟು, ಲೋಟ ಬಾಯಿಗೆ ಹಿಡಿದು, ಕೊನೆಯ ಹನಿಯವರೆಗೆ ಕುಡಿಸಿದಳು. ನಂತರ ಬಾಯಿ ತೆರೆಸಿ ನನಗೂ ತೋರಿಸಿದಳು.

ನಾನು ಕೊಟ್ಟಿಗೆಯ ಕಲ್ಲಿನ ಮೇಲೆ ಕೂತುಬಿಟ್ಟೆ.

“ಕೆಂಪಮ್ಮ, ದಿನಾ ಹಾಲಲ್ಲೇ ಕೊಡ್ತೀರಾ?”

“ಊಂ ಕಣವ್ವ. ಇಂಗ್ಲಿಸ್ ಮಾತ್ರೆ ಉಷ್ಣ ಅಲ್ವಾ, ಬರೀ ನೀರಲ್ಲಿ ಕೊಟ್ರೆ ಒಟ್ಟೆ ಉರೀತದೆ. ಡೈರಿಗೆ ಆಕೋಕ್ಮುಂಚೆ ಗೌರಿ ನೊರೆ ಆಲು ಇವ್ಳಿಗೇ ಎತ್ತಿಡ್ತೀನಿ. ಡಾಕ್ಟ್ರು ಮಾತ್ರೆ ಜಾಸ್ತಿ ಮಾಡುದ್ರಲ್ಲ, ನಾನೂ ಲೋಟ ದೊಡ್ದು ಮಾಡ್ದೆ.”

“ಖಾಲಿ ಹೊಟ್ಟೆ ಅಂದ್ರಿ?”

“ಖಾಲಿ ಒಟ್ಟೇನೆ. ಆಲು ಏನು ಊಟವಾ?”

ನಗು ಬಂತು, ಅಳುವೂ ಬಂತು. ಹಸು ಕಟ್ಟಿದ ಮನೆಯಲ್ಲಿ ಹಾಲು ಊಟವಲ್ಲ. ಅದು ನೀರಿನ ಹಾಗೆ ಸದಾ ಇರುವಂಥದ್ದು. ಅವರು ನನಗೆ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಹಾಲಿನಲ್ಲಿರುವ ಸುಣ್ಣದ ಅಂಶ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಡಾಕ್ಟರು ಒಂದು ಕಡೆ ಮಾತ್ರೆ ಏರಿಸುತ್ತಿದ್ದರು, ಕೆಂಪಮ್ಮ ಇನ್ನೊಂದು ಕಡೆ ಲೋಟ ಏರಿಸುತ್ತಿದ್ದಳು. ಸೊಸೆಯನ್ನು ತವರಿಗೆ ಅಟ್ಟುತ್ತೇನೆ ಎನ್ನುತ್ತಿದ್ದ ಹೆಂಗಸು ಮನೆಯ ಅತ್ಯುತ್ತಮ ಹಾಲನ್ನು ಅವಳಿಗೇ ಕುಡಿಸುತ್ತಿದ್ದಳು. ಇದನ್ನು ಕಂಡು ನನಗೆ ಆ ಮುದುಕಿಯ ಮೇಲೆ ಪ್ರೀತಿಯೇ ಬಂದುಬಿಟ್ಟಿತು.

ಅಲ್ಲೇ ಕೂತು ಕ್ಯಾತನಹಳ್ಳಿಯ ಆಲೆಮನೆಯನ್ನು ಹೇಳಿದೆ. ಕತ್ತಿನಲ್ಲೊಬ್ಬ ಒಲೆಯಾಳು, ತಲೆಯಲ್ಲೊಬ್ಬ ಯಜಮಾನ. ಇವಳ ಒಲೆಯಾಳಿಗೆ ಕೈ ಸೋತಿದೆ, ಅದಕ್ಕೇ ಚಳಿ, ನಿದ್ದೆ, ಊತ. ಅವನ ಬದಲಿಗೆ ಮಾತ್ರೆಯ ರೂಪದಲ್ಲಿ ಒಬ್ಬ ಬದಲಿ ಆಳನ್ನು ಕಳಿಸುತ್ತಿದ್ದೇವೆ, ಅವನು ಒಲೆ ಮುಟ್ಟುವ ಮೊದಲೇ ನಿಮ್ಮ ಹಾಲು ಅವನ ಕೈ ಹಿಡಿದು ಕೂರಿಸಿಕೊಳ್ಳುತ್ತಿದೆ ಎಂದೆ. ಕೆಂಪಮ್ಮ ಲೋಟವನ್ನು ಒಳಗೆ ಇಟ್ಟು ಬಂದಳು.

ಇಲ್ಲೊಂದು ಮಾತು ನಿಮಗೆ. ಕಂಡುಹಿಡಿದೆ ಎಂಬ ಉತ್ಸಾಹದಲ್ಲಿ ನೀವೇ ಮಾತ್ರೆ ಹೆಚ್ಚುಕಡಿಮೆ ಮಾಡಲು ಹೋಗಬೇಡಿ. ನಾನು ಕೆ.ಆರ್. ಪೇಟೆಗೆ ವಾಪಸ್ ಬಂದವಳೇ ಮೊದಲು ಡಾಕ್ಟರಿಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡು ನಕ್ಕರು, ಏರಿಸಿದ್ದ ಪ್ರಮಾಣವನ್ನು ಕೂಡಲೇ ಇಳಿಸಿದರು. ಇಳಿಸದಿದ್ದರೆ, ಹಾಲು ನಿಂತ ಮೇಲೆ ಅಷ್ಟೂ ಮಾತ್ರೆ ಒಟ್ಟಿಗೆ ರಕ್ತಕ್ಕೆ ಹೋಗಿ ಸವಿತಾ ಇನ್ನೊಬ್ಬ ಚಿಕ್ಕೇಗೌಡರಾಗುತ್ತಿದ್ದಳು. ಬರೀ ನೀರಿನಲ್ಲಿ ಮಾತ್ರೆ, ಆಮೇಲೆ ಒಂದು ಗಂಟೆ ಏನೂ ಇಲ್ಲ, ಹಾಲು ರಾಗಿ ಎಲ್ಲ ತಡವಾಗಿ ಎಂದು ಬರೆದುಕೊಟ್ಟರು. ಅವತ್ತಿನಿಂದ ನಾನು ಯಾರನ್ನೂ ಖಾಲಿ ಹೊಟ್ಟೆಯಾ ಎಂದು ಕೇಳಲಿಲ್ಲ. ಯಾವುದರ ಜೊತೆ ನುಂಗಿದಿರಿ ಎಂದು ಕೇಳಿದೆ. ಕಾಫಿ, ಮಜ್ಜಿಗೆ, ಅಂಬಲಿ, ಒಬ್ಬರಂತೂ ಬಾಳೆಹಣ್ಣಿನ ಹೊಟ್ಟೆಯಲ್ಲಿಟ್ಟು! ನೀವೂ ಕೇಳಿ ನೋಡಿ, ಪ್ರತಿದಿನ ಒಂದು ಹೊಸ ಉತ್ತರ ಸಿಗುತ್ತದೆ.

ಎರಡು ತಿಂಗಳು ನನಗೆ ಎರಡು ವರ್ಷವಾಯಿತು. ಕೊಟ್ಟಿಗೆಯಲ್ಲಿ ತೆಗೆದ ರಕ್ತ ಹಾಲಿನ ದಿನಗಳದ್ದು, ಅದು ಲೆಕ್ಕಕ್ಕಿಲ್ಲ, ಕೆಂಪಮ್ಮ ಹೇಳಿದ್ದ ಆ ಇನ್ನೊಂದು ಸಲ ಇದೇ. ಅತ್ತೆ ಸೊಸೆ ರಕ್ತ ಕೊಟ್ಟು ಬೆಂಚಿನ ಮೇಲೆ ಕೂತರು. ಸವಿತಾ ಸ್ವೆಟರು ಹಾಕಿರಲಿಲ್ಲ, ತೂಗಡಿಸುತ್ತಲೂ ಇರಲಿಲ್ಲ, ಆದರೂ ನನಗೆ ಧೈರ್ಯ ಸಾಲಲಿಲ್ಲ. ಮಿಷನ್ನಿನ ಮುಂದೆ ನಿಮಿಷಾಂಬೆಗೆ ಹರಕೆ ಕಟ್ಟಿಕೊಂಡು ನಿಂತಿದ್ದೆ. ವಿಜ್ಞಾನ ಓದಿದವಳು ಹರಕೆ ಕಟ್ಟಿದೆ ಎಂದು ನೀವು ನಗಬಹುದು. ನಿಮ್ಮ ಸವಿತಾ ಬರಲಿ, ನೀವೂ ಕಟ್ಟುತ್ತೀರಿ.

ರಿಪೋರ್ಟು ಬಂತು. ನಾನು ಅದನ್ನು ಎರಡು ಸಲ ಓದಿದೆ, ರಂಗಸ್ವಾಮಿ ಸರ್ ಕನ್ನಡಕ ಹಾಕಿ ಮೂರನೇ ಸಲ ಓದಿದರು. ಹೊರಗೆ ತಂದುಕೊಟ್ಟೆ. ಕೆಂಪಮ್ಮ ಕಾಗದವನ್ನು ತಲೆಕೆಳಗಾಗಿ ಹಿಡಿದು, ಜಾಸ್ತಿಯೋ ಕಮ್ಮಿಯೋ ಎಂದು ಕೇಳಿದಳು.

“ಎಷ್ಟಿರಬೇಕೋ ಅಷ್ಟು. ಯಜಮಾನ ಕೂಗೋದು ಬಿಟ್ಟು ಮೆಲ್ಲಗೆ ಹೇಳ್ತಿದ್ದಾನೆ ಕೆಂಪಮ್ಮ” ಎಂದೆ.

ಅವಳು ಕಾಗದವನ್ನು ಮಡಚಿ, ಇನ್ನೂ ಮಡಚಿ, ಅಂಗೈಯಗಲ ಮಾಡಿದಳು. ಕಣ್ಣು ತುಂಬಿಕೊಂಡಿತ್ತು.

“ಒಲೆ ಉರೀತಿಲ್ಲ ಅಂತ ನಾನೂ ಎರಡು ವರ್ಸ ಬರೀ ಕೂಗ್ದೆ ಕಣವ್ವ. ಒಲೆಗೆ ಏನಾಗದೆ ಅಂತ ಒಂದಿನ ಬಗ್ಗಿ ನೋಡ್ನಿಲ್ಲ.”

ರಂಗಸ್ವಾಮಿ ಸರ್ ಟ್ಯೂಬೊಂದನ್ನು ಕಿಟಕಿಗೆ ಹಿಡಿದು ನೋಡತೊಡಗಿದರು. ಅದು ಖಾಲಿ ಟ್ಯೂಬು.

ಅಷ್ಟರಲ್ಲಿ ರಸ್ತೆಯಲ್ಲಿ ಶೀಳನೆರೆಯ ಬಸ್ಸು ಹಾರನ್ ಹೊಡೆಯಿತು. ಸವಿತಾ ಬೆಂಚಿನಿಂದ ಎದ್ದವಳೇ ಬ್ಯಾಗು ಹೆಗಲಿಗೇರಿಸಿ, ಅತ್ತೆ ಬೇಗ ಬನ್ನಿ ಎಂದು ಸೆರಗು ಸಿಕ್ಕಿಸಿಕೊಂಡು ಬಾಗಿಲು ದಾಟಿ ಓಡಿದಳು. ಹೆಜ್ಜೆ ಎಣಿಸಿಕೊಂಡು ನಡೆಯುತ್ತಿದ್ದ ಹುಡುಗಿ ಓಡುವುದನ್ನು ಆ ಲ್ಯಾಬಿನಲ್ಲಿ ನಾವು ಯಾರೂ ನೋಡಿರಲಿಲ್ಲ. ಕೆಂಪಮ್ಮ ಮೊಣಕಾಲು ಹಿಡಿದುಕೊಂಡು ಹಿಂದೆ ಹೊರಟವಳು ಬಾಗಿಲಲ್ಲಿ ನಿಂತು, ಎರಡು ವರ್ಷ ಬೇಗ ಬೇಗ ಎಂದು ಗದರಿದ ಅದೇ ದೊಡ್ಡ ಗಂಟಲಿನಲ್ಲಿ ಕೂಗಿ ಹೇಳಿದಳು.

“ನಿಧಾನಕ್ಕೆ ಓಗವ್ವ, ಬಿದ್ಗಿದ್ದೀಯೆ.”